ಮೊದಲು ಸಕ್ಕರೆ, ಆಮೇಲೆ ಸೂಜಿ

‘ನಾಲ್ಕು ಅಂತ ಬರೆದಿದ್ದಾರಲ್ಲ ನಿಮ್ಮವರು,’ ಎಂದು ಡಾಕ್ಟರು ನಕ್ಕರು.

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಮೇಜಿನ ಮೇಲೆ ಎರಡು ಹಾಳೆಗಳಿದ್ದವು. ನೀಲಿಯದು ಅವಳು ತುಂಬಿದ್ದು. ಹಳದಿಯದರ ನೆತ್ತಿಯಲ್ಲಿ ‘ಜೊತೆಯಲ್ಲಿ ವಾಸಿಸುವವರು ತುಂಬತಕ್ಕದ್ದು’ ಎಂದು ಅಚ್ಚಾಗಿತ್ತು. ಅದನ್ನು ಗಂಡ ಮನೆಯಲ್ಲೇ ತುಂಬಿ, ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೊಂದು ಸಹಿ ಮಾಡಿ ಅವಳ ಕೈಚೀಲದಲ್ಲಿ ಇಟ್ಟಿದ್ದ. ಲಿಫ್ಟುಗಳ ತಪಾಸಣೆ ಮಾಡುವವನು. ಸಹಿಯಿಲ್ಲದ ಕಾಗದ ಅವನ ಪಾಲಿಗೆ ಬರಿಯ ಕಾಗದ.

‘ಏಳನೇ ಪ್ರಶ್ನೆ,’ ಡಾಕ್ಟರು ಪೆನ್ನಿನ ತುದಿಯಿಟ್ಟು ಓದಿದರು. ‘ಕಳೆದ ನಾಲ್ಕು ವಾರಗಳಲ್ಲಿ ಸಕ್ಕರೆ ಇಳಿದು ರೋಗಿಯ ನಡವಳಿಕೆ ಬದಲಾದದ್ದು ಎಷ್ಟು ಸಲ? ನಾಲ್ಕು ಸಲ ಅಂತಾರೆ ಇವರು. ನಿಮ್ಮ ತೋಳಿನ ಬಿಲ್ಲೆ ಏನನ್ನುತ್ತೆ ಗೊತ್ತಾ?’

‘ಏನನ್ನುತ್ತೆ?’

‘ಒಂದೂ ಇಲ್ಲ ಅನ್ನುತ್ತೆ.’

ರಕ್ತದ ಸಕ್ಕರೆ ಅಳೆಯಲೆಂದು ತೋಳಿಗೆ ಅಂಟಿಸಿದ್ದ ಆ ಬಿಲ್ಲೆ ಅಂಕಿಯನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಹಗಲೂ ರಾತ್ರಿ ಸುಮ್ಮನೆ ಬರೆದುಕೊಳ್ಳುತ್ತಿತ್ತು. ಆಸ್ಪತ್ರೆಯ ಯಂತ್ರಕ್ಕೆ ಮಾತ್ರ ಬಾಯಿ ಬಿಡುತ್ತಿತ್ತು. ಡಾಕ್ಟರು ಪರದೆಯನ್ನು ಅವಳ ಕಡೆ ತಿರುಗಿಸಿದರು. ಎರಡು ಚಿತ್ರ. ಹೋದ ವರ್ಷದ್ದು ಎಳೆಮಗುವಿನ ಕೈಗೆ ಪೆನ್ಸಿಲು ಸಿಕ್ಕಿದಂತೆ, ಮೇಲಕ್ಕೆ ನೆಗೆದು ತಳಕ್ಕೆ ಬೀಳುವ ಗೀಚು. ಈ ತಿಂಗಳದ್ದು ಸಣ್ಣ ಅಲೆಗಳ ಒಂದೇ ಗೆರೆ. ಅವರು ಅದನ್ನು ಬೆರಳಿನಿಂದ ಸವರಿದರು, ಮಗನ ಅಂಕಪಟ್ಟಿ ತೋರಿಸುವವರ ಹಾಗೆ.

‘ಇದನ್ನ ಮುಂದಿನ ತಿಂಗಳ ಸಭೇಲಿ ತೋರಿಸ್ತೀನಿ. ನಿಮ್ಮ ಹೆಸರು ಹಾಕಲ್ಲ ಬಿಡಿ.’

‘ಹಾಕಿದರೂ ಯಾರು ಅಂತ ಗೊತ್ತಾಗಲ್ಲ.’

‘ಏನಂದ್ರಿ?’

‘ಏನಿಲ್ಲ.’

‘ಇನ್ನೊಂದಿಷ್ಟು ವರ್ಷ ಹೋಗಲಿ, ನಿಮಗೆ ಹಾಕಿದಂಥ ಕೋಶಕ್ಕೆ ಯಾರೋ ಸಾಯ್ಲಿ ಅಂತ ಕಾಯೋದೇ ಬೇಡ. ಪ್ರಯೋಗಶಾಲೇಲೇ ಕೋಶ ಬೆಳೆಸ್ತಾರೆ. ಈಗಾಗ್ಲೇ ಕೆಲವರಿಗೆ ಹಾಕಿ ನೋಡ್ತಿದ್ದಾರೆ. ದೇಹ ಅವನ್ನ ಹೊರಗೆ ತಳ್ಳದಿರಲಿ ಅಂತ ನುಂಗೋ ಈ ಮಾತ್ರೆಗಳ ಕಾಟವೂ ಇಲ್ಲದ ಹಾಗೆ ಮಾಡೋಕೆ ದಾರಿ ಹುಡುಕ್ತಿದ್ದಾರೆ.’

‘ಆಗ ನಾನು ಹಳೇ ಮಾದರಿ.’

ಡಾಕ್ಟರು ಮತ್ತೆ ನಕ್ಕರು. ನಗುವುದರಲ್ಲಿ ಅವರು ಧಾರಾಳಿ. ನಗು ಮುಗಿದ ಮೇಲೆ ಹಳದಿ ಹಾಳೆಯನ್ನು ಮತ್ತೊಮ್ಮೆ ನೋಡಿ ಕೇಳಿದರು: ‘ಅಲ್ಲ, ಆ ನಾಲ್ಕು ಸಲ ಆದದ್ದಾದರೂ ಏನು?’

‘ನೆನಪಿಲ್ಲ.’

‘ನಿಮ್ಮವರಿಗೆ ಹೇಳಿ, ಬೇಡದ ಸಕ್ಕರೆ ಕುಡಿಸಿ ಹೊಸ ಕೋಶಗಳ ಮೇಲೆ ಕೆಲಸ ಹೇರಬೇಡಿ ಅಂತ. ಪಾಪ, ಅವರಿಗೂ ಅಭ್ಯಾಸ ತಪ್ಪಬೇಕಲ್ಲ.’

ಹೊರಗಿನ ಕೋಣೆಯಲ್ಲಿ ನರ್ಸು ಅವಳ ತೋಳಿನ ಬಿಲ್ಲೆಯನ್ನು ಕಿತ್ತಳು. ಇನ್ನು ಇದು ಬೇಕಿಲ್ಲ. ಅದಿದ್ದ ಕಡೆ ಬೆಳ್ಳಗೆ ಒಂದು ವೃತ್ತ ಉಳಿಯಿತು.

‘ಸಕ್ಕರೆ ಮಾಮ ಬರಲಿಲ್ವಾ ಅಕ್ಕಾ?’

‘ಎಲ್ಲೋ ಲಿಫ್ಟು ನಿಂತಿದೆಯಂತೆ. ಒಳಗೆ ಮೂರು ಜನ ಇದ್ದಾರಂತೆ.’

‘ಅಯ್ಯೋ. ಹಾಗಾದ್ರೆ ಅವರಿಗೆಲ್ಲ ಒಂದೊಂದು ಸಕ್ಕರೆ ಗ್ಯಾರಂಟಿ.’

ವಾರ್ಡಿನಲ್ಲಿ ಅವನಿಗೆ ಆ ಹೆಸರು ಬಿದ್ದು ವರ್ಷಗಳಾಗಿದ್ದವು. ಅವನ ಎಡಜೇಬಿನಲ್ಲಿ ಯಾವಾಗಲೂ ಕಾಗದ ಸುತ್ತಿದ ಸಕ್ಕರೆಯ ಗಟ್ಟಿಗಳಿರುತ್ತಿದ್ದವು. ಬೇರೆಯವರ ಮಕ್ಕಳಿಗೂ ಹಂಚುತ್ತಿದ್ದ. ಅವಳು ಈ ಆಸ್ಪತ್ರೆಗೆ ಒಬ್ಬಳೇ ಬಂದದ್ದು ಇದೇ ಮೊದಲು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಎಣಿಸತೊಡಗಿದಳು. ನಾಲ್ಕು ಸಲ.

ಹನ್ನೊಂದನೆಯ ವಯಸ್ಸಿನಲ್ಲಿ ಅಂಟಿದ ರೋಗಕ್ಕೆ ಈಗ ಮೂವತ್ತೊಂದು ವರ್ಷ. ಮೊದಮೊದಲು ಸಕ್ಕರೆ ಇಳಿದರೆ ದೇಹವೇ ಹೇಳುತ್ತಿತ್ತು. ಬೆವರು, ನಡುಕ, ಹಾಳು ಹಸಿವು. ಬರುಬರುತ್ತ ಅದು ಹೇಳುವುದನ್ನು ಬಿಟ್ಟಿತು. ನಿಂತಲ್ಲೇ ಮಾತು ತೊದಲುವುದು, ಕಾರಣವಿಲ್ಲದೆ ಸಿಡುಕುವುದು, ಆಮೇಲೆ ಬಿದ್ದುಬಿಡುವುದು. ಅವಳಿಗೆ ಅದರ ಸುಳಿವೇ ಇರುತ್ತಿರಲಿಲ್ಲ. ಸುಳಿವು ಹಿಡಿಯುವ ಕೆಲಸವನ್ನು ಗಂಡ ವಹಿಸಿಕೊಂಡ. ಹತ್ತೊಂಬತ್ತು ವರ್ಷ ಅವಳ ಕಣ್ಣು, ತುಟಿ, ಧ್ವನಿಯನ್ನು ಲಿಫ್ಟಿನ ಹಗ್ಗದ ಹಾಗೆ ಎಳೆ ಎಳೆಯಾಗಿ ತಪಾಸಣೆ ಮಾಡಿದ. ಊರು ಬಿಡಬೇಕಾದ ಬಡ್ತಿ ಬಂದರೆ ಬೇಡವೆಂದ. ಅವನಿಲ್ಲದಿದ್ದರೆ ಅವಳು ಹನ್ನೊಂದು ಸಲ ಸತ್ತಿರುತ್ತಿದ್ದಳು. ಈ ಲೆಕ್ಕ ಅವನದಲ್ಲ, ಅವಳದು.

ಮೊದಲನೆಯ ಡಾಕ್ಟರು ಅವನಿಗೊಂದು ಸೂತ್ರ ಕೊಟ್ಟಿದ್ದರು: ಅನುಮಾನ ಬಂದರೆ ಬೆರಳು ಚುಚ್ಚಿ ನೋಡುತ್ತ ಕೂರಬೇಡಿ, ಮೊದಲು ಸಕ್ಕರೆ, ಆಮೇಲೆ ಸೂಜಿ. ಸರಿಯಾದ ಸೂತ್ರವೇ. ಆದರೆ ಅದರಿಂದಾಗಿ, ಅವಳು ಸಿಡುಕಿದ ಗಳಿಗೆಯಲ್ಲಿ ರಕ್ತದಲ್ಲಿ ಎಷ್ಟು ಸಕ್ಕರೆಯಿತ್ತು ಎನ್ನುವುದು ಈವರೆಗೆ ಯಾರಿಗೂ ತಿಳಿದಿರಲಿಲ್ಲ. ನೆಲ ತೊಳೆದು ಒರೆಸಿದ ಮೇಲೆ ಹೆಜ್ಜೆಗುರುತು ಹುಡುಕಿದ ಹಾಗೆ.

ಸೂತ್ರದ ಜೊತೆಗೆ ಅವನದೇ ಒಂದು ಪರೀಕ್ಷೆ ಇತ್ತು. ಹದಿಮೂರರ ಮಗ್ಗಿ; ತಪ್ಪಿದರೆ ಸಕ್ಕರೆ ಇಳಿದಿದೆ ಎಂದು ಅರ್ಥ. ಹನ್ನೆರಡರದು ಅವಳಿಗೆ ಪ್ರಜ್ಞೆ ತಪ್ಪುವ ಹೊತ್ತಿಗೂ ಬಾಯಿಗೆ ಬರುತ್ತಿತ್ತು, ಹಾಗಾಗಿ ಹದಿಮೂರು.

ಚೀಲದಲ್ಲಿ ಫೋನು ಮೊಳಗಿತು.

‘ತಿಂದ್ಯಾ?’

‘ಹೂಂ.’

‘ಏನು ತಿಂದೆ?’

‘ಬ್ರೆಡ್ಡು. ಲಿಫ್ಟಲ್ಲಿ ಸಿಕ್ಕಿಕೊಂಡೋರು?’

‘ಇಳಿಸಿದ್ವಿ. ಒಬ್ರು ಅಳ್ತಾ ಇದ್ರು. ನಿನ್ನ ಧ್ವನಿ ಯಾಕೋ ಒಂಥರಾ ಇದೆ.’

‘ಬಸ್ಸಲ್ಲಿದ್ದೀನಿ.’

‘ಹದಿಮೂರಾರ್ಲಿ?’

ಪಕ್ಕದಲ್ಲಿ ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಕೂತಿದ್ದಳು. ಇವಳು ಕಿಟಕಿಯ ಕಡೆ ತಿರುಗಿ ಗಾಜಿಗೆ ಹೇಳುವಂತೆ ಹೇಳಿದಳು: ‘ಎಪ್ಪತ್ತೆಂಟು.’

‘ಸರಿ. ಐದಕ್ಕೆ ಬರ್ತೀನಿ.’

ತರಕಾರಿ ಚೀಲದವಳು ಸ್ವಲ್ಪ ಆಚೆ ಸರಿದಳು.

ಒಂದನೆಯದು ಸುಲಭವಾಗಿ ಸಿಕ್ಕಿತು. ಬಚ್ಚಲಿನ ಚಿಲಕ. ಹನ್ನೆರಡು ವರ್ಷದ ಹಿಂದೆ ಅವಳು ಒಳಗೆ ಬಿದ್ದಾಗ ಬಾಗಿಲು ಒಡೆಯಬೇಕಾಯಿತು. ಅವತ್ತಿನಿಂದ ಆ ಬಾಗಿಲಿಗೆ ಚಿಲಕವಿಲ್ಲ. ತಿಂಗಳ ಮೊದಲಲ್ಲಿ ಅವಳು, ಇನ್ನು ಚಿಲಕ ಹಾಕಿಸಬಹುದಲ್ಲ ಎಂದಿದ್ದಳು. ನೋಡೋಣ ಎಂದ. ಎರಡನೆಯ ಸಲ ಕೇಳುವಾಗ ಅವಳ ಧ್ವನಿ ಏರಿತು. ಅವನು ಸಕ್ಕರೆ ನೀರಿನ ಲೋಟ ತಂದ.

ಎರಡನೆಯದು ಅವನ ಅಕ್ಕ ಫೋನು ಮಾಡಿದ್ದು. ‘ಅತ್ತಿಗೆ, ನನಗೀಗ ಮಾತಾಡೋಕೆ ಇಷ್ಟ ಇಲ್ಲ,’ ಎಂದು ಅವಳು ಇಟ್ಟುಬಿಟ್ಟಿದ್ದಳು. ಲೋಟ.

ಮೂರನೆಯದಕ್ಕೆ ಸಿಟ್ಟೂ ಬೇಕಾಗಿರಲಿಲ್ಲ. ಅವಳು ಮನೆಯಲ್ಲೇ ಕೂತು ಶಾಲಾಪುಸ್ತಕಗಳ ಕರಡು ತಿದ್ದುತ್ತಾಳೆ. ನಾಲ್ಕನೇ ತರಗತಿಯ ವಿಜ್ಞಾನದಲ್ಲಿ ಯಾರೋ ಸೂರ್ಯನನ್ನು ಪೂರ್ವದಲ್ಲಿ ಮುಳುಗಿಸಿದ್ದರು. ಮೂರು ಜನ ಓದಿ ಸಹಿ ಹಾಕಿದ್ದ ಪುಟ. ಅವಳು ನಕ್ಕಳು. ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು. ಅವನು ಅಡುಗೆಮನೆಗೆ ಓಡಿದ. ಸೂರ್ಯನ ವಿಷಯ ಹೇಳುವುದರೊಳಗೆ ಲೋಟ ತುಟಿಗೆ ಬಂದಿತ್ತು. ಕುಡಿದಳು. ಕುಡಿಯದಿದ್ದರೆ ಅದೂ ಲಕ್ಷಣವೇ.

ನಾಲ್ಕನೆಯದು ಸಿಗಲಿಲ್ಲ.

ಅದು ಸಿಗದಿರುವುದು ಅವಳನ್ನು ಹೆದರಿಸಿತು. ಮೊದಲಾದರೆ ನೆನಪು ತಪ್ಪುವುದಕ್ಕೆ ಕಾರಣವಿತ್ತು. ಈಗ ಗೆರೆ ನೇರವಾಗಿದೆ. ನೇರ ಮಾಡಿದ್ದು ಯಾರದೋ ದೇಹದಿಂದ ತೆಗೆದ ಮೇದೋಜೀರಕ ಗ್ರಂಥಿಯಿಂದ ಬಿಡಿಸಿ, ತೊಳೆದು, ಎಣಿಸಿದ ಜೀವಕೋಶದ ಗುಂಪುಗಳು. ಎಲ್ಲ ಸೇರಿ ಒಂದೆರಡು ಚಮಚ. ದ್ವೀಪಗಳು ಎಂದೇ ಅವಕ್ಕೆ ಹೆಸರು. ಹೊಟ್ಟೆ ಕೊಯ್ಯಲಿಲ್ಲ. ಪಕ್ಕೆಯಲ್ಲೊಂದು ಸಣ್ಣ ತೂತು, ಯಕೃತ್ತಿಗೆ ಹೋಗುವ ನಾಳಕ್ಕೊಂದು ತೆಳು ನಳಿಕೆ, ಮೇಲೆ ತೂಗುಹಾಕಿದ ಚೀಲ. ಅವಳು ಎಚ್ಚರವಾಗಿಯೇ ಮಲಗಿ ಆ ಚೀಲ ಬರಿದಾಗುವುದನ್ನು ನೋಡಿದ್ದಳು. ಹೀಗೆ ಎರಡು ಸಲ, ಇಬ್ಬರು ಸತ್ತವರಿಂದ. ಯಾರೆಂದು ಹೇಳುವುದಿಲ್ಲ. ಎಂಟು ವಾರದ ಹಿಂದೆ ಇನ್ಸುಲಿನ್ನಿನ ಕೊನೆಯ ಸೂಜಿಯೂ ನಿಂತಿತು. ಅವಳ ಲೆಕ್ಕವನ್ನು ಈಗ ಆ ಇಬ್ಬರು ನೋಡಿಕೊಳ್ಳುತ್ತಿದ್ದರು, ಅವಳನ್ನು ಏನೂ ಕೇಳದೆ.

ಆದರೆ ಅವಳನ್ನು ಕಾಡುತ್ತಿದ್ದದ್ದು ನಾಲ್ಕನೆಯ ಸಲವಲ್ಲ, ಅದಕ್ಕಿಂತ ಹಳೆಯದು.

ಮದುವೆಯಾದ ಮರುವರ್ಷ, ಒಂದು ಸಂಜೆ, ಬಟ್ಟೆ ಮಡಿಸುತ್ತಿದ್ದವಳು ತಲೆಯೆತ್ತಿ ಹೇಳಿದ್ದಳು: ‘ನಿಮ್ಮ ಜೊತೆ ನನಗೆ ಇರೋಕಾಗಲ್ಲ.’ ಜಗಳವಿರಲಿಲ್ಲ. ಮಾತು ತಾನಾಗಿ ಬಂತು. ಅವನು ಒಂದು ಕ್ಷಣ ಅವಳನ್ನೇ ನೋಡಿ, ಎದ್ದು ಹೋಗಿ ಸಕ್ಕರೆ ನೀರು ತಂದ. ಕಾಲು ಗಂಟೆ ಬಿಟ್ಟು ಚುಚ್ಚಿದಾಗ ಎಪ್ಪತ್ತೊಂದು. ‘ನೋಡು, ಆಗ ಐವತ್ತಿದ್ದಿರಬೇಕು,’ ಎಂದ. ಅವಳು ಅತ್ತಳು, ತಪ್ಪಾಯಿತು ಎಂದಳು. ಅವನು ತಲೆ ಸವರಿದ. ‘ಅದು ನೀನಲ್ಲ ಬಿಡು, ಸಕ್ಕರೆ.’

ಇರೋಕಾಗಲ್ಲ ಎಂಬ ಆ ವಾಕ್ಯ ಯಾರದು, ತನ್ನದೋ ಸಕ್ಕರೆಯದೋ ಎಂದು ಹದಿನೆಂಟು ವರ್ಷದಿಂದ ಅವಳಿಗೆ ಗೊತ್ತಾಗಿರಲಿಲ್ಲ. ಪರೀಕ್ಷಿಸಲು ಒಂದೇ ದಾರಿಯಿತ್ತು: ಸಕ್ಕರೆ ಸರಿಯಿರುವಾಗ, ಸಾಕ್ಷಿ ಎದುರಿಟ್ಟುಕೊಂಡು, ಅದನ್ನೇ ಮತ್ತೊಮ್ಮೆ ಹೇಳಿ ನೋಡುವುದು.

ಇವತ್ತು ಐದಕ್ಕೆ ಹೇಳುತ್ತೇನೆ, ಎಂದುಕೊಂಡು ಅವಳು ಬಸ್ಸಿಳಿದಳು.

ಮನೆಗೆ ಬಂದವಳು ಮೊದಲು ಗಂಡ ಆಪತ್ತಿಗೆಂದು ಮನೆತುಂಬ ಇಟ್ಟಿದ್ದ ಸಕ್ಕರೆ ಹುಡುಕಿದಳು. ಕನ್ನಡಿಯ ಹಿಂದೆ ಎರಡು ಪೊಟ್ಟಣ. ಚಪ್ಪಲಿ ಗೂಡಿನಲ್ಲಿ ಒಂದು. ದಿಂಬಿನ ಚೀಲದಲ್ಲಿ, ಹೊಲಿಗೆ ಡಬ್ಬಿಯಲ್ಲಿ, ದಪ್ಪ ನಿಘಂಟಿನ ಪಕ್ಕದಲ್ಲಿ, ಅವಳ ಚಳಿಕೋಟಿನ ನಾಲ್ಕೂ ಜೇಬಿನಲ್ಲಿ. ಒಂದೊಂದೇ ತಂದು ಊಟದ ಮೇಜಿನ ಮೇಲೆ ಇಟ್ಟಳು. ಕಿಟಕಿಯ ಸಂದಿಯಲ್ಲಿದ್ದ ಪೊಟ್ಟಣ ಮಾತ್ರ ಹಗುರವಾಗಿತ್ತು. ಇರುವೆಗಳು ಯಾವ ಕಾಲದಲ್ಲೋ ಕೆಲಸ ಮುಗಿಸಿ ಹೋಗಿದ್ದವು. ಮಡಿಕೆ ಕೆಡದ ಕಾಗದ ಉಳಿದಿತ್ತು.

ಐದಾಗಿ ಎರಡು ನಿಮಿಷಕ್ಕೆ ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸಿತು. ಐದನೆಯ ಮಹಡಿ. ಅವನು ಲಿಫ್ಟು ಹತ್ತುವುದಿಲ್ಲ. ಕೇಳಿದವರಿಗೆ, ‘ಅದರ ಒಳಗುಟ್ಟು ಗೊತ್ತಿರೋನು ಹತ್ತಲ್ಲ,’ ಎಂದು ನಗುತ್ತಾನೆ.

ಬಾಗಿಲು ತೆರೆದವನ ಕಣ್ಣು ಮೊದಲು ಅವಳ ಮುಖಕ್ಕೆ, ಆಮೇಲೆ ಮೇಜಿಗೆ ಹೋಯಿತು.

‘ಇದೇನು ಸಂತೆ?’

‘ಇನ್ನು ಬೇಡವಂತೆ. ಡಾಕ್ಟರು ಹೇಳಿದ್ರು.’

ಅವನು ಚೀಲ ಇಳಿಸಿ ಕೂತ. ಪೊಟ್ಟಣಗಳನ್ನು ತಿರುಗಿಸಿ ನೋಡಿದ. ‘ಇದು ಕನ್ನಡಿ ಹಿಂದಿಂದು. ಇದು ಕೋಟಿಂದು. ಹೊಲಿಗೆ ಡಬ್ಬೀದು ಎಲ್ಲಿ?’

‘ನಿಮ್ಮ ಮೊಣಕೈ ಹತ್ರ.’

‘ಹಾಂ.’ ಅದನ್ನೂ ಸಾಲಿಗೆ ಸೇರಿಸಿದ. ‘ಇರಲಿ ಬಿಡು. ಇದ್ದರೆ ಏನು ಅನ್ನ ಕೇಳುತ್ತಾ?’

‘ನಾಲ್ಕು ಅಂತ ಬರೆದಿದ್ದೀರಿ.’

‘ಲಕೋಟೆ ಅಂಟಿಸಿದ್ದೆನಲ್ಲ.’

‘ಅವರೇ ತೆಗೆದು ಓದಿದ್ರು. ಬಿಲ್ಲೆ ಒಂದೂ ಇಲ್ಲ ಅಂದಿದೆ.’

‘ಬಿಲ್ಲೆಗೇನು ಗೊತ್ತು,’ ಎಂದ. ತಕ್ಷಣವೇ, ತಾನು ಹೇಳಿದ್ದು ತಪ್ಪಾಯಿತು ಅನ್ನಿಸಿರಬೇಕು, ಯಂತ್ರಗಳನ್ನು ನಂಬಿ ಬದುಕಿದವನು. ‘ಅದು ತಡವಾಗಿ ತೋರಿಸುತ್ತೆ ಕೆಲವು ಸಲ,’ ಎಂದು ತಿದ್ದಿಕೊಂಡ.

‘ಚಿಲಕ ಒಂದು. ಅತ್ತಿಗೆ ಫೋನು ಎರಡು. ನಕ್ಕಿದ್ದು ಮೂರು. ನಾಲ್ಕನೇದು ಯಾವುದು?’

‘ನೀನು ಮಾತ್ರೆ ತಗೊಂಡ್ಯಾ?’

‘ಅದು ಎಂಟಕ್ಕೆ. ನಾಲ್ಕನೇದು?’

‘ಹೋಗಲಿ ಬಿಡು. ಅದೇನು ದೊಡ್ಡದಲ್ಲ.’

ಅವಳು ಗೂಡಿನಿಂದ ಮೀಟರು ತಂದಳು. ಹೊಸ ಪಟ್ಟಿ ಸಿಕ್ಕಿಸಿ, ಉಂಗುರದ ಬೆರಳಿನ ಪಕ್ಕಕ್ಕೆ ಚುಚ್ಚಿ, ಹನಿ ತಾಗಿಸಿದಳು. ಐದರಿಂದ ಸೊನ್ನೆಯವರೆಗೆ ಅದು ಇಳಿಯುವುದನ್ನು ಇಬ್ಬರೂ ನೋಡಿದರು. ತೊಂಬತ್ತೆಂಟು. ಅವಳು ಅದನ್ನು ಪೊಟ್ಟಣಗಳ ನಡುವೆ, ಅವನಿಗೆ ಕಾಣುವ ಹಾಗೆ ಇಟ್ಟಳು.

‘ಚೆನ್ನಾಗಿದೆ,’ ಎಂದ.

‘ಇದು ಸಕ್ಕರೆ ಕುಡಿಯೋದಕ್ಕೆ ಮೊದಲಿನ ಅಂಕಿ.’

‘ಹೂಂ.’

‘ಈಗೊಂದು ಮಾತು ಹೇಳ್ತೀನಿ. ಅಂಕಿ ನೋಡ್ಕೊಂಡು ಕೇಳಿ.’

ಅವನು ಅಂಕಿಯನ್ನೇ ನೋಡಿದ.

‘ನಿಮ್ಮ ಜೊತೆ ನನಗೆ ಇರೋಕಾಗಲ್ಲ.’

ಹೊರಬಿದ್ದ ಮಾತು ಮೇಜಿನ ಮೇಲೆ ಉಳಿಯಿತು. ಅದು ಹೇಗಿದೆ ಎಂದು ನೋಡಲು ಅವಳೂ ಅವನ ಜೊತೆಗೇ ಕಾದಳು. ಹದಿನೆಂಟು ವರ್ಷದ ಹಿಂದೆ ಅದರಲ್ಲಿ ಏನೋ ಒಂದು ಬಿಸಿಯಿತ್ತು ಎಂದು ಅವಳ ನೆನಪು. ಈಗ ಅದು ಬೇರೆಯವರು ಬರೆದದ್ದನ್ನು, ಅಕ್ಷರ ಸರಿಯಿದೆಯೇ ಎಂದು ಗಟ್ಟಿಯಾಗಿ ಓದಿದ ಹಾಗಿತ್ತು. ತಪ್ಪೇನೂ ಇರಲಿಲ್ಲ. ಆದರೂ ಅವಳಿಗೆ ಸಹಿ ಹಾಕಲು ಕೈ ಬರಲಿಲ್ಲ.

‘ಪಟ್ಟಿ ಹಳೇದಿರಬೇಕು,’ ಅವನು ಹೇಳಿದ. ‘ಇನ್ನೊಂದು ಹಾಕು.’

‘ನಿನ್ನೆ ಒಡೆದ ಡಬ್ಬಿ.’

‘ಕೈ ನಡುಗ್ತಿದೆ ನಿಂದು.’

‘ಅದು ಮಾತ್ರೆ ನಡುಕ. ನಿಮಗೆ ಗೊತ್ತು.’

‘ಹದಿಮೂರೇಳ್ಲಿ?’

‘ತೊಂಬತ್ತೊಂದು.’

‘ಹದಿಮೂರೆಂಟ್ಲಿ?’

‘ನೂರನಾಲ್ಕು. ನಾನು ಹೇಳಿದ್ದು ಕೇಳಿಸ್ತಾ?’

‘ಹದಿಮೂರೊಂಬತ್ಲಿ?’

ಅವನ ಮುಖದಲ್ಲಿ ಆಸೆಯಂಥದು ಒಂದು ಮೂಡಿದ್ದನ್ನು ಅವಳು ಕಂಡಳು. ಗೊತ್ತಿಲ್ಲ ಎಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ. ತಪ್ಪು ಉತ್ತರ ಹೇಳಿದರೆ ಅವನು ಎದ್ದು ಓಡುತ್ತಾನೆ, ಆಮೇಲೆ ತಲೆ ಸವರುತ್ತಾನೆ, ಅದು ನೀನಲ್ಲ ಬಿಡು ಎನ್ನುತ್ತಾನೆ. ಇಷ್ಟು ವರ್ಷ ಹಾಗೆ ಎಷ್ಟು ಸಲ ಬೇಕೆಂದೇ ತಪ್ಪು ಹೇಳಿದ್ದೆ ಎಂದು ನೆನಪಿಸಿಕೊಳ್ಳಲು ಹೋಗಿ, ಅವಳು ಹಿಂದೆ ಸರಿದಳು.

‘ನಾಲ್ಕನೇದು ಯಾವುದು?’ ಎಂದಳು.

ಅವನು ಎದ್ದು ಅಡುಗೆಮನೆಗೆ ಹೋದ. ಡಬ್ಬಿಯ ಮುಚ್ಚಳ ತೆಗೆದ ಸದ್ದು. ನೀರು. ಲೋಟದ ಗೋಡೆಗೆ ಚಮಚ ತಾಗುವ ಸದ್ದು, ಒಂದೇ ಗತಿಯಲ್ಲಿ. ಅಲ್ಲಿಂದಲೇ, ಬೆನ್ನು ಮಾಡಿ ನಿಂತು, ಹೇಳಿದ:

‘ಹೋದ ಭಾನುವಾರ. ನೀನು ನನ್ನ ಕೈ ಹಿಡ್ಕೊಂಡೆ.’

‘ಏನು?’

‘ಟೀವಿ ನೋಡ್ತಾ ಕೂತಿದ್ದೆ. ನೀನು ಒಳಗಿಂದ ಬಂದು ಪಕ್ಕದಲ್ಲಿ ಕೂತು ಕೈ ಹಿಡ್ಕೊಂಡೆ. ಏನೂ ಹೇಳಲಿಲ್ಲ. ತುಂಬ ಹೊತ್ತು ಬಿಡಲೂ ಇಲ್ಲ.’ ಚಮಚ ನಿಂತಿತು. ‘ಹಾಗೆಲ್ಲ ಮಾಡೋಳಲ್ಲವಲ್ಲ ನೀನು.’

‘ಆಮೇಲೆ?’

‘ಆಮೇಲೇನು. ಹೋಗಿ ಜ್ಯೂಸ್ ತಂದುಕೊಟ್ಟೆ. ನೀನು ಕುಡಿದೆ.’

ಅವಳು ಹುಡುಕಿದಳು. ಭಾನುವಾರ ನೆನಪಿತ್ತು. ಟೀವಿಯಲ್ಲಿ ಯಾರೋ ಹಿಮದ ಮೇಲೆ ನಡೆಯುತ್ತಿದ್ದರು. ಜ್ಯೂಸ್ ನೆನಪಿತ್ತು. ಅದರ ಸಿಹಿ, ತಳದಲ್ಲಿ ಉಳಿದ ನಾರು. ಕೈ ಮಾತ್ರ ಎಲ್ಲೂ ಇರಲಿಲ್ಲ. ಯಾವ ಕೈಯಿಂದ ಹಿಡಿದೆ, ಎಡಗೈಯೋ ಬಲಗೈಯೋ ಎಂದು ಕೇಳಬೇಕೆನ್ನಿಸಿತು. ಕೇಳಲು ನಾಚಿಕೆಯಾಯಿತು. ಸಕ್ಕರೆ ಸರಿಯಿದ್ದಾಗ, ಗೆರೆ ನೇರವಿದ್ದಾಗ, ತಾನು ಮಾಡಿದ ಆ ಒಂದು ಕೆಲಸ ತನಗೇ ಗೊತ್ತಿಲ್ಲ. ಹಾಗಾದರೆ ಅದನ್ನು ಮಾಡಿದವರು ಯಾರು? ಸತ್ತ ಇಬ್ಬರಲ್ಲಿ ಯಾರಿಗಾದರೂ ಹಾಗೆ ಬಂದು ಪಕ್ಕದಲ್ಲಿ ಕೂರುವ ಅಭ್ಯಾಸವಿತ್ತೇ? ಮೂರ್ಖ ಯೋಚನೆ, ಎಂದುಕೊಂಡಳು. ಯೋಚನೆ ಹೋಗಲಿಲ್ಲ.

ಅವನು ಲೋಟ ಹಿಡಿದು ಬಂದ. ಲೋಟ ಕುಲುಕಿ ನೀರು ಅವನ ಬೆರಳ ಮೇಲೆ ಚೆಲ್ಲಿತು. ಹಣೆಯಲ್ಲಿ ಬೆವರು. ಕೂರುವಾಗ ಕುರ್ಚಿಯ ಅಂಚು ತಪ್ಪಿ, ಸಾವರಿಸಿಕೊಂಡು ಕೂತ. ಅವಳು ಅವನ ಕಣ್ಣು, ತುಟಿ, ಉಸಿರು ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಅವನನ್ನು ಹೀಗೆ ನೋಡಿದ್ದು ಇದೇ ಮೊದಲು.

‘ಹದಿಮೂರೊಂಬತ್ಲಿ?’ ಎಂದು ಅವಳು ಕೇಳಿದಳು.

‘ಯಾರಿಗೆ, ನನಗಾ?’

‘ಹೇಳಿ.’

ಅವನ ತುಟಿ ಅಲ್ಲಾಡಿತು. ‘ನೂರ... ನೂರ ಇಪ್ಪತ್ತೇಳು.’ ಹತ್ತು ಹೆಚ್ಚಾಗಿತ್ತು.

ಅವಳು ಸೂಜಿ ಬದಲಿಸಿದಳು. ಹೊಸ ಪಟ್ಟಿ ಸಿಕ್ಕಿಸಿ, ಮೇಜಿನ ಆಚೆಯಿಂದ ಅವನ ಕೈಯನ್ನು ಎಳೆದುಕೊಂಡು, ಚೆಲ್ಲಿದ ಸಿಹಿನೀರನ್ನು ಸೆರಗಿನಿಂದ ಚೆನ್ನಾಗಿ ಒರೆಸಿದಳು. ನನಗ್ಯಾಕೆ ಇದೆಲ್ಲ ಎಂದನಾದರೂ ಅವನು ಕೈ ಹಿಂದೆಗೆಯಲಿಲ್ಲ. ಚುಚ್ಚಿದಾಗ ಮಗುವಿನ ಹಾಗೆ ಬೆಚ್ಚಿದ. ಸಾವಿರಾರು ಸಲ ಅವಳ ಬೆರಳು ಚುಚ್ಚಿದವನಿಗೆ ಅದು ಹೀಗೆ ಉರಿಯುತ್ತದೆಂದು ಗೊತ್ತಿರಲಿಲ್ಲ.

ಐದು. ನಾಲ್ಕು. ಮೂರು. ಎರಡು. ಒಂದು.

ತೊಂಬತ್ತಾರು.

‘ಎಷ್ಟು?’ ಎಂದು ಕೇಳಿದ. ಅಂಕಿ ಅವನ ಕಡೆಗೇ ತಿರುಗಿತ್ತು.

ಅವಳು ರಕ್ತ ನಿಲ್ಲಲೆಂದು ಅವನ ಬೆರಳ ತುದಿಯನ್ನು ಒತ್ತಿ ಹಿಡಿದಿದ್ದಳು. ರಕ್ತ ನಿಂತಿತ್ತು. ಬಿಡಬೇಕಿತ್ತು. ಬಿಟ್ಟರೆ ಒಂದು ಅರ್ಥ, ಬಿಡದಿದ್ದರೆ ಇನ್ನೊಂದು. ಅವನು ಅವಳ ಕೈಯನ್ನು ನೋಡಿದ, ಮುಖವನ್ನು ನೋಡಿದ, ಮತ್ತೆ ಕೈಯನ್ನು ನೋಡಿದ. ಆಮೇಲೆ ಇನ್ನೊಂದು ಕೈಯಿಂದ, ಸದ್ದಾಗದ ಹಾಗೆ, ಲೋಟವನ್ನು ಅವಳ ಕಡೆ ಸರಿಸಿದ. ಅದು ಇಬ್ಬರ ನಡುವೆ, ಪೊಟ್ಟಣಗಳಿಗೆ ತಾಗಿ ನಿಂತಿತು.

ಲೋಟದೊಳಗೆ ಇನ್ನೂ ಕರಗದ ಸಕ್ಕರೆ ನಿಧಾನವಾಗಿ ಸುತ್ತುತ್ತ ತಳಕ್ಕೆ ಇಳಿಯುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತರು, ಮತ್ತೊಬ್ಬರು ಕುಡಿಯಲಿ ಎಂದು ಕಾಯುವವರ ಹಾಗೆ. ಮುಟ್ಟುವವರಿಲ್ಲದೆ ಮೀಟರಿನ ಬೆಳಕು ತಾನಾಗಿ ಆರಿತು.